ಅವ್ವ ಹೇಳಿದ್ದು, ರಾಧಿಕಾ ಒತ್ತಿದ್ದು

ಹಿತ್ತಲಿನ ಕಲ್ಲಿನ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡ ಮೇಲೆ ಸತ್ತೆವ್ವನಿಗೆ ಮೂಡಲಗಿಯ ತನ್ನ ಮನೆಯಲ್ಲಿ ಮಂಚವೇ ಗತಿಯಾಯಿತು. ಟಿವಿ ಧಾರಾವಾಹಿಗಳು ಬೇಸರ ತಂದವು. ಮಗಳು ರಾಧಿಕಾ ಗೋಕಾಕದ ಕಾಲೇಜೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಸಂಜೆ ಬಸ್ಸಿಳಿದು ಬಂದವಳು ಲ್ಯಾಪ್‌ಟಾಪಿನಲ್ಲಿ ಆಟ ಆಡುತ್ತ ಕೂತರೆ ಸತ್ತೆವ್ವ ಮಲಗಿದಲ್ಲಿಂದಲೇ ನೋಡತೊಡಗಿದಳು.

“ಯಾರಕಿ? ಯಾಕ ಅಳಾಕತ್ತಾಳ?”

ಅದು ಕತೆಯ ಆಟ. ಬಡಿದಾಟ ಕಡಿಮೆ, ಮಾತು ಹೆಚ್ಚು. ಗಿಡಮೂಲಿಕೆ ಮದ್ದು ಕೊಡುವ ಹೆಂಗಸೊಬ್ಬಳು ಊರೂರು ತಿರುಗುತ್ತಾಳೆ. ಎದುರಾದವರಿಗೆ ಅವಳು ಏನು ಹೇಳಬೇಕೆಂದು ಆಡುವವರೇ ಆರಿಸಬೇಕು. ಆರಿಸಿದ ಹಾಗೆ ಕತೆ ತಿರುಗುತ್ತದೆ. ಎಲ್ಲವೂ ಇಂಗ್ಲಿಷಿನಲ್ಲಿ. ಸತ್ತೆವ್ವ ಓದಬಲ್ಲವಳಾಗಿದ್ದು ಕನ್ನಡ ಮಾತ್ರ. ಹಾಗಾಗಿ ರಾಧಿಕಾ ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳುವುದು, ಅವ್ವ ಉತ್ತರ ಕೊಡುವುದು, ರಾಧಿಕಾ ಅದನ್ನು ಒತ್ತುವುದು ಎಂದಾಯಿತು.

“ಹೊಸದಾಗಿ ಆಡಾವ್ರು ಅವಸರ ಮಾಡಬಾರ್ದವ್ವಾ. ಎಲ್ಲಾರ ಕೂಡ ಮಾತಾಡಬೇಕು. ಸೋತ್ರ ಅಂಜಬಾರ್ದು, ಸೋತ್ರೂ ಕತಿ ಮುಂದ ಹೋಗತೈತಿ,” ಎಂದು ರಾಧಿಕಾ ಮೊದಲೇ ಬುದ್ಧಿ ಹೇಳಿದಳು.

ಅವ್ವ ಅದನ್ನು ನಂಬಿದಳು. ಹೇಳಿದವಳಿಗೇ ನಂಬಿಕೆ ಸಾಲಲಿಲ್ಲ.

ಆಟದ ಒಂದು ಊರಿನಲ್ಲಿ ಗೌಡನೊಬ್ಬ ಬಡವರ ಓಣಿಗೆ ನೀರು ಬಂದ್ ಮಾಡಿದ್ದ. ಮದ್ದಿನವಳ ಜೊತೆಗೆ ಒಬ್ಬ ಕಳ್ಳಿ ಸೇರಿಕೊಂಡಿದ್ದಳು, ಅದೇ ಓಣಿಯವಳು. ಗೌಡನ ಮುಂದೆ ನಿಂತಾಗ ಸತ್ತೆವ್ವ ತಡಮಾಡಲಿಲ್ಲ. “ನೀ ಸುಳ್ಳ ಅಂತ ಅವನ ಮಾರಿ ಮ್ಯಾಲ ಅನ್ನು.”

ಹೊಸಬರು ಇಲ್ಲಿ ಗೌಡನನ್ನು ಎದುರು ಹಾಕಿಕೊಂಡರೆ ಅರ್ಧ ಕತೆಯೇ ಕೈತಪ್ಪುತ್ತದೆ ಎಂದು ರಾಧಿಕಾ ಮೊಬೈಲಿನಲ್ಲಿ ಓದಿದ್ದಳು. ಅವ್ವ ಸೋತು ಆಟ ಬಿಟ್ಟಾಳೆಂಬ ಅಂಜಿಕೆ ಬೇರೆ. ಕಾಲಿಗೆ ಬಿದ್ದು ತಪ್ಪೊಪ್ಪಿಕೊಳ್ಳುವ ಉತ್ತರ ಒತ್ತಿದಳು. “ನೋಡವ್ವಾ, ಅಂಜಿದ ಅಂವ,” ಎಂದಳು. ಸತ್ತೆವ್ವ ತೊಡೆ ತಟ್ಟಿ ನಕ್ಕಳು. ಆಮೇಲೆ ಹಾಗೇ ರೂಢಿಯಾಯಿತು. ತಾನು ಗೌಡನ ಸೊಕ್ಕು ಇಳಿಸಿದ ಕತೆಯನ್ನು ಸತ್ತೆವ್ವ ಬಾಜೂ ಮನೆಯವರಿಗೂ ಹೇಳಿದಳು.

ರವಿವಾರ ತವರೂರು ಘೋಡಗೇರಿಯಿಂದ ಸತ್ತೆವ್ವನ ಅಣ್ಣನ ಮಗಳು ಪದ್ಮಶ್ರೀ ಬಂದಳು, ಕಾಲೇಜು ಓದುವ ಹುಡುಗಿ. ರಾಧಿಕಾ ಆಟವನ್ನು ನಡುವೆ ಬಿಟ್ಟು ಚಹಾ ಮಾಡಲು ಎದ್ದು ಹೋಗಿದ್ದಳು. ಸತ್ತೆವ್ವನ ಗಂಡ ಮುತ್ತಪ್ಪ ಕುರ್ಚಿಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ.

“ಪದ್ದಿ, ಆ ಕಳ್ಳಿ ಏನೋ ಅನ್ನಾಕತ್ತಾಳ. ಓದಿ ಹೇಳು.”

ಪದ್ಮಶ್ರೀ ಬಗ್ಗಿ ಓದಿದಳು. “‘ನೀ ಆ ಗೌಡನ ಕಾಲಿಗಿ ಬಿದ್ದಿ. ಇನ್ನ ನಿನ್ನ ಕೂಡ ನಾ ಬರಂಗಿಲ್ಲ’ ಅಂತಾಳ ಅತ್ತಿ.”

“ಯಾರ ಬಿದ್ರು?”

“ನೀನ ಬಿದ್ದೀಯಂತ.”

ರಾಧಿಕಾ ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತಳು.

“ನಾ ಅಂದಿದ್ದೇನು, ನೀ ಒತ್ತಿದ್ದೇನು?” ಸತ್ತೆವ್ವನ ದನಿ ಓಣಿಗೆ ಕೇಳಿಸಿತು.

“ಅವ್ವಾ, ಅದು ಆಟ ಐತಿ. ಹೊಸಬ್ರು ಅಲ್ಲಿ ಸಿಟ್ಟ ಮಾಡಬಾರ್ದಂತ ಬರದಿದ್ರು. ನಿನ್ನ ಸಲುವಾಗಿ ಮಾಡಿದ್ನಿ.”

“ಎಲ್ಲಾರೂ ನನ್ನ ಸಲುವಾಗೇ ಮಾಡ್ಯಾರ!” ಸತ್ತೆವ್ವ ದಿಂಬನ್ನು ತೆಗೆದು ಗೋಡೆಗೆ ಒಗೆದಳು. “ಇವರ ಮಂದಿ ನನ್ನ ನೋಡಾಕ ಘೋಡಗೇರಿಗೆ ಬಂದಾಗ ಅಡಗಿಮನ್ಯಾಗ ಕಾಡವ್ವ ದೊಡ್ಡವ್ವಗ ಅಂದೆ, ನಾ ಒಲ್ಲೆ, ಸಾಲಿ ಕಲೀತೇನಿ ಅಂತ ಹೇಳು ಅಂದೆ. ಅಕಿ ಪಡಸಾಲಿಗಿ ಹೋಗಿ ‘ಹುಡುಗಿ ಹೂಂ ಅಂದಾಳ’ ಅಂದ್ಲು. ಬಾಗಲದ ಹಿಂದ ನಿಂತ ಕೇಳೇನಿ. ಈಗ ನೀ ನನ್ನ ಹೊಟ್ಯಾಗ ಹುಟ್ಟಿ ಅದನ್ನ ಮಾಡಿದಿ!”

ಅಡಕೊತ್ತಿನ ಸಪ್ಪಳ ನಿಂತಿತು.

“ನಮಗ ಹೂಂ ಅಂತ ಹೇಳಿದ್ರು,” ಎಂದ ಮುತ್ತಪ್ಪ.

“ಒಳಗ ಬಂದು ನೀವೂ ಕೇಳಲಿಲ್ಲಲ್ಲ.”

ಅವನು ಅಡಿಕೆಯನ್ನು ಅಲ್ಲೇ ಬಿಟ್ಟು, ಟಾವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಪದ್ಮಶ್ರೀಗೆ ಎತ್ತ ನೋಡಬೇಕೋ ತಿಳಿಯಲಿಲ್ಲ. ರಾಧಿಕಾ ಅಳತೊಡಗಿದಳು.

“ಅಳಬ್ಯಾಡ. ಅತ್ತು ನನ್ನ ಬಾಯಿ ಮುಚ್ಚಸಬ್ಯಾಡ. ಮೊದಲಿಂದ ಹಚ್ಚು.”

ಮೊದಲಿಂದ ಹಚ್ಚಿದರು. ಈ ಸಲ ರಾಧಿಕಾ ಒಂದು ಮಾತೂ ಬಿಡದೆ ಹೇಳಿದಳು, ಅವ್ವ ಅಂದದ್ದನ್ನೇ ಒತ್ತಿದಳು. ಸಂದೇಹ ಬಂದಲ್ಲೆಲ್ಲ ಸತ್ತೆವ್ವ ಪದ್ಮಶ್ರೀಯ ಮುಖ ನೋಡಿ, ಅವಳು ತಲೆಯಾಡಿಸಿದ ಮೇಲೆಯೇ ಮುಂದೆ ಹೋದಳು. ಮಗಳಿಗೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಗೌಡನಿಗೆ ನೀ ಸುಳ್ಳ ಎಂದದ್ದಕ್ಕೆ ಅವನು ಮದ್ದಿನ ಗಂಟು ಕಸಿದುಕೊಂಡು ಊರಬಾಗಿಲು ಹಾಕಿಸಿದ. ಆಗಬೇಕಿದ್ದ ಎಷ್ಟೋ ಕತೆ ಆ ಬಾಗಿಲೊಳಗೇ ಉಳಿಯಿತು. ‘ನಾ ಹೇಳಿದ್ದಿಲ್ಲ?’ ಎಂಬ ಮಾತನ್ನು ರಾಧಿಕಾ ನುಂಗಿಕೊಂಡಳು. ಕಳ್ಳಿ ಮಾತ್ರ ಜೊತೆಗೆ ಬಂದಳು.

“ಇರಲಿ ಮಗನ,” ಎಂದು ಸತ್ತೆವ್ವ ಪರದೆಯ ಮೇಲಿನ ಗೌಡನಿಗೆ ಹಲ್ಲು ಕಡಿದಳು. “ನಿನ್ನ ಬಿಡಂಗಿಲ್ಲ.”

ಪದ್ಮಶ್ರೀ ಸಂಜೆಯ ಬಸ್ಸಿಗೆ ಹೋದಳು. ದೀಪ ಹಚ್ಚುವ ಹೊತ್ತಿಗೆ ಮುತ್ತಪ್ಪ ಬಂದು ಮಂಚದ ಹತ್ತಿರ ನಿಂತ. ರಾಧಿಕಾ ಎದ್ದು ಹೋಗಲು ನೋಡಿದಳು. ಅವ್ವ ಅವಳ ಕೈ ಹಿಡಿದು ಕೂಡಿಸಿದಳು.

“ಖರೇನ ಒಲ್ಲೆ ಅಂದಿದ್ದಿ?” ಎಂದ ಮುತ್ತಪ್ಪ.

“ಅಂದಿದ್ದೆ.”

ಅವನು ಹೆಗಲ ಮೇಲಿನ ಟಾವೆಲ್ಲು ತೆಗೆದು ಮಂಚದ ತುದಿಗೆ ಕೂತ. “ಈಗ ಕೇಳಿದ್ರ ಏನಂತಿ?”

“ವಿಚಾರ ಮಾಡಿ ನಾನ ಹೇಳತೇನಿ. ನನ್ನ ಬದಲಿ ಯಾರನ್ನೂ ಕೇಳಬ್ಯಾಡ್ರಿ.”

ಮುತ್ತಪ್ಪ ಅಡುಗೆಮನೆಗೆ ಹೋಗಿ, ಎಂದೂ ಮಾಡದವನು, ಮೂರು ತಾಟು ತೊಳೆದು ಬಡಿಸಿಕೊಂಡು ಬಂದ. ಸತ್ತೆವ್ವ ತನ್ನ ತಾಟು ಇಸಿದುಕೊಂಡಳು. ಸಿಟ್ಟು ಇಳಿದಿರಲಿಲ್ಲ. ಉಪ್ಪು ಸಾಲದೆಂದು ಸಾರನ್ನು ಬದಿಗೆ ಸರಿಸಿ, ರೊಟ್ಟಿಯನ್ನು ಮುರಿದು ಮುರಿದು ತಿಂದಳು.