ಗಂಡನ ಹೆಸರು ಬಾಯಿಗೆ ಬಂದಾಗ

ಭಾನುವಾರ ಮಧ್ಯಾಹ್ನ. ಡೆಟ್ರಾಯಿಟ್ ಹೊರವಲಯದ ನಮ್ಮ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಬಂದವರನ್ನು ಮೊದಲು ನೋಡುವ ನರ್ಸ್ ನಾನು, ಗದಗಿನ ಚೇತನಾ. ಪಕ್ಕದ ಊರು ವಿಕ್ಸಮ್‌ನಿಂದ ಕಲ್ಮೇಶ್ ಎಂಬಾತ ತಾಯಿ ಗಂಗಮ್ಮನನ್ನು ಕರೆತಂದಿದ್ದ.

"ಎರಡ ದಿನದಿಂದ ಉರಿಮೂತ್ರರಿ. ಇವತ್ತ ಭಾಳ ಸುಸ್ತಾಗ್ಯಾಳ."

"ಅರಾಮ ಅದೀನವಾ," ಎಂದರು ಗಂಗಮ್ಮ. ನಮ್ಮ ಕಡೆಯವರೇ ಹೀಗೆ! ಪ್ರಾಣ ಹೋಗುತ್ತಿದ್ದರೂ ಕೇಳಿದವರಿಗೆ ಅರಾಮ.

ಥರ್ಮಾಮೀಟರ್ 98.4 ತೋರಿಸಿತು. ಬಿಪಿ ಪರವಾಗಿಲ್ಲ. ಉಸಿರು ಮಾತ್ರ ಜೋರು, ನಿಮಿಷಕ್ಕೆ ಇಪ್ಪತ್ನಾಲ್ಕು. ನನಗೆ ಅನುಮಾನ ಬಂತು.

"ಗುಳಿಗಿ ಏನರ ಕೊಟ್ಟೀರೇನು?"

"ಹೂಂರಿ, ಜ್ವರ 102 ಇತ್ತು. ಊರಿಂದ ತಂದ ಗುಳಿಗಿ ಕೊಟ್ಟ ಕರ್ಕೊಂಡ ಬಂದೆ."

ಹಣೆ ಚಚ್ಚಿಕೊಳ್ಳಬೇಕೆನಿಸಿತು! ಡಾಕ್ಟರಿಗೆ ತೋರಿಸಬೇಕಾದ ಜ್ವರವನ್ನೇ ಮನೆಯಲ್ಲಿ ಇಳಿಸಿ ಬಂದಿದ್ದ ಪುಣ್ಯಾತ್ಮ.

ಅಷ್ಟರಲ್ಲಿ ಗಂಗಮ್ಮ ಮಗನ ತೋಳು ಹಿಡಿದು, "ಗದಿಗೆಪ್ಪಾ, ಮನಿಗೆ ಹೋಗೂಣು ನಡಿ," ಎಂದರು.

ಕಲ್ಮೇಶ್ ಬಿಳಿಚಿಕೊಂಡ. "ಗದಿಗೆಪ್ಪ ನಮ್ಮಪ್ಪರಿ. ತೀರಿಕೊಂಡು ಆರ ವರ್ಷಾತು. ಅವ್ವನ ಬಾಯಾಗ ಆ ಹೆಸರ ನಾ ಯಾವತ್ತೂ ಕೇಳಿಲ್ಲ."

ಸೋಂಕು ರಕ್ತಕ್ಕೆ ಇಳಿದು ಸೆಪ್ಸಿಸ್ ಆದರೆ ಬುದ್ಧಿಗೆ ಮಬ್ಬು ಕವಿಯುತ್ತದೆ. ಡಾಕ್ಟರ ಬಳಿ ಓಡಿದೆ. "ಸೆಪ್ಸಿಸ್! ಮಗನನ್ನು ತೀರಿಹೋದ ಗಂಡನ ಹೆಸರಿನಿಂದ ಕರೆಯುತ್ತಿದ್ದಾರೆ. ಈಗಲೇ ಬನ್ನಿ!"

ಅಮೆರಿಕನ್ ಡಾಕ್ಟರ್ ನಕ್ಕರು. "ಜ್ವರವಿಲ್ಲ, ಬಿಪಿ ಸರಿಯಿದೆ. ಹೆಸರು ತಪ್ಪಿದರೇನಾಯಿತು? ನಮ್ಮಮ್ಮ ನನ್ನನ್ನು ನಾಯಿಯ ಹೆಸರಿನಿಂದ ಕರೆಯುತ್ತಾಳೆ!"

"ಈಕೆ ಐವತ್ತು ವರ್ಷ ಸಂಸಾರ ಮಾಡಿಯೂ ಬಾಯಿಬಿಟ್ಟು ಹೇಳದ ಹೆಸರು ಅದು! ನಮ್ಮಲ್ಲಿ ಹಿರಿಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನೆಟ್ಟಗೆ ಎಚ್ಚರವಿದ್ದರೆ ನಾಲಿಗೆ ಕಚ್ಚಿಕೊಂಡಾರೇ ಹೊರತು ಹೇಳಲಾರರು. ಜ್ವರವನ್ನು ಮಾತ್ರೆ ಮುಚ್ಚಿಟ್ಟಿದೆ. ಏಳಿ!"

ನಗು ನಿಂತಿತು. ಎದ್ದರು. ರಕ್ತ ತೆಗೆದೆವು, ಎರಡೂ ಕೈಗೆ ಸಲೈನ್, ಇಪ್ಪತ್ತು ನಿಮಿಷದೊಳಗೆ ಆಂಟಿಬಯೋಟಿಕ್. ಅದು ಹನಿಯಲು ಶುರುವಾಗುವಷ್ಟರಲ್ಲಿ ಬಿಪಿ ಎಂಬತ್ತಕ್ಕೆ ಕುಸಿಯಿತು. ಕಲ್ಮೇಶ್ ಗೋಡೆ ಹಿಡಿದು ಅಳತೊಡಗಿದ. ಸಮಾಧಾನ ಹೇಳಲು ನನಗೆಲ್ಲಿಯ ಪುರಸೊತ್ತು? "ಸುಮ್ನ ಕುಂಡ್ರಿ!" ಎಂದು ಗದರಿದೆ.

ತೊಂಬತ್ತು. ತೊಂಬತ್ತೆಂಟು. ನೂರಾಹತ್ತು! ಖುಷಿಗೆ ಡಾಕ್ಟರ ಬೆನ್ನಿಗೆ ಗುದ್ದಿಯೇಬಿಟ್ಟೆ.

ಮರುದಿನ ಡ್ಯೂಟಿಗೆ ಮೊದಲು ವಾರ್ಡಿಗೆ ಓಡಿದೆ. ಗಂಗಮ್ಮ ಎದ್ದು ಕೂತಿದ್ದರು. ಬುದ್ಧಿ ತಿಳಿಯಾಗಿದೆಯೋ ಇಲ್ಲವೋ? ಪಕ್ಕದಲ್ಲಿದ್ದ ಕಲ್ಮೇಶನನ್ನು ತೋರಿಸಿ, ಉಸಿರು ಬಿಗಿಹಿಡಿದು ಕೇಳಿದೆ, "ಯವ್ವಾ, ಇವ್ರು ಯಾರು?"

ನನ್ನನ್ನು ದುರುಗುಟ್ಟಿಕೊಂಡು ನೋಡಿದರು.

"ಇಂವ ಯಾರಂತ ನನ್ನ ಕೇಳ್ತೀಯೇನ? ಹಡದಾಕಿ ನಾನು!"