ಒಂದು ಮಗ್ಗುಲಿನ ಹಿಮ

ಹಸುಗಳಿದ್ದ ಕಾಲದಲ್ಲೂ ಹಿಲ್ಡೂರಳ ಕೊಟ್ಟಿಗೆಯಲ್ಲಿ ಇಷ್ಟು ಶಿಸ್ತು ಇರಲಿಲ್ಲ ಎಂದು ಊರಿನವರು ಹೇಳುತ್ತಿದ್ದರು. ಹಸುಗಳನ್ನು ಮಾರಿದ ಮೇಲೆ ಅಲ್ಲಿ ಚಳಿಗಾಲಕ್ಕೆ ವಾಹನಗಳು ಬಂದು ಮಲಗತೊಡಗಿದ್ದವು. ಬಡಗಣ ಮಗ್ಗುಲಲ್ಲಿ ಪಾದ್ರಿಯ ದೋಣಿ, ಅಂಚೆಯವನ ಕ್ಯಾರವಾನ್, ಯಾರದೋ ಸತ್ತ ಚಿಕ್ಕಪ್ಪನ ಮೋಟಾರ್ ಸೈಕಲ್. ತೆಂಕಣ ಮಗ್ಗುಲಿನ ಒಳಮೂಲೆಯಲ್ಲಿ ಆರ್ವಿಡ್‌ನ ಕೆಂಪು ಕಾರು. ಮೊದಲು ಬಂದವರು ಒಳಮೂಲೆಗೆ, ಒಳಮೂಲೆಯವರು ಕಟ್ಟಕಡೆಗೆ ಹೊರಕ್ಕೆ. ಒಮ್ಮೆ ದೊಡ್ಡ ಬಾಗಿಲು ಮುಚ್ಚಿತೆಂದರೆ ಏಪ್ರಿಲ್ ಕೊನೆಯಲ್ಲಿ ಗುಡ್ಡದ ಮೇಲೆ ವಾಲ್ಬೋರಿಯ ಬೆಂಕಿ ಹಚ್ಚಿ ವಸಂತವನ್ನು ಕರೆಯುವ ತನಕ ತೆರೆಯುವಂತಿಲ್ಲ.

"ನಡುವೆ ಬೇಕು ಅನ್ನೋರು ಬೇರೆ ಕೊಟ್ಟಿಗೆ ನೋಡ್ಕೊಳ್ಳಿ" ಎನ್ನುವಳು ಹಿಲ್ಡೂರ್. ಪಾದ್ರಿಗೂ ಇದೇ ಮಾತು.

ಆರ್ವಿಡ್ ಪ್ರತಿವರ್ಷವೂ ಮೊದಲಿಗ. ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುವ ಲಾರಿ ಇನ್ನೂ ಶೆಡ್ಡಿನಿಂದ ಮೂತಿ ಹೊರಗೆ ಹಾಕಿರುತ್ತಿರಲಿಲ್ಲ, ಅಷ್ಟರೊಳಗೆ ಅವನ ಕಾರು ಒಳಗೆ. ಎರಡೇ ಸೀಟಿನ, ಮೇಲೆ ಮಡಚುವ ಬಟ್ಟೆಯಿದ್ದ ಆ ಇಟಲಿಯ ಕಾರಿನ ತಗಡು, ತುಕ್ಕು ಹಿಡಿಸುವ ಆ ಉಪ್ಪಿನ ಒಂದು ಹರಳನ್ನೂ ಕಂಡಿರಲಿಲ್ಲ. ಅದನ್ನು ತೊಳೆದು, ಮೇಣ ಹಚ್ಚಿ, ನಾಲ್ಕೂ ಚಕ್ರ ನೆಲ ಬಿಡುವಂತೆ ಮರದ ದಿಮ್ಮಿಗಳ ಮೇಲೆ ಏರಿಸಿ, ಹೊಗೆಕೊಳವೆಗೆ ಇಲಿ ನುಗ್ಗದಂತೆ ಉಕ್ಕಿನ ನಾರು ತುರುಕಿ, ಹತ್ತಿಯ ಹೊದಿಕೆ ಹೊದಿಸಿ ಬರುವಷ್ಟರಲ್ಲಿ ವಾರ ಹಿಡಿಯುತ್ತಿತ್ತು. ಬ್ಯಾಟರಿಯನ್ನು ಮಾತ್ರ ಮನೆಗೆ ತಂದು ಮಲಗುವ ಕೋಣೆಯಲ್ಲಿ ಚಾರ್ಜಿಗೆ ಹಾಕುವನು. "ಗಂಡನಿಗೆ ಇನ್ನೊಬ್ಬಳಿದ್ದರೆ ಅವಳ ಹೃದಯನ ತಂದು ಮಂಚದ ಪಕ್ಕ ಇಡೋದು ಲೋಕದಲ್ಲಿ ಇವನೊಬ್ಬನೇ" ಎಂದು ಅವನ ಹೆಂಡತಿ ಮಾಯ್ಕೆನ್ ಬಂದವರಿಗೆಲ್ಲ ತೋರಿಸುತ್ತಿದ್ದಳು.

ಮಾಯ್ಕೆನ್ ಆ ಕಾರಿನಲ್ಲಿ ಒಮ್ಮೆಯೂ ಕೂತಿರಲಿಲ್ಲ. "ಮೊಣಕಾಲು ಕಿವಿಗೆ ಸಿಕ್ಕಿಸಿಕೊಂಡು ಕೂರೋಕೆ ನಾನೇನು ಮಿಡತೆನಾ?" ಎನ್ನುವಳು. ಈ ಸಲ ಸೆಪ್ಟೆಂಬರಿನಲ್ಲಿ, ತನ್ನ ಕಾಯಿಲೆಯ ಹೆಸರು ತಿಳಿದು ಬಂದ ವಾರದಲ್ಲೇ, ಅವನು ಅಂಗಳದಲ್ಲಿ ಕಾರು ತೊಳೆಯುತ್ತಿದ್ದಾಗ ಹೊರಗೆ ಬಂದು ನಿಂತಳು.

"ಮೇ ತಿಂಗಳಲ್ಲಿ ನನ್ನ ಇದರಲ್ಲಿ ಸಮುದ್ರದ ತನಕ ಕರ್ಕೊಂಡು ಹೋಗು. ಮೇಲಿನ ಬಟ್ಟೆ ಮಡಚಿ."

"ನಿನ್ನ ಮೊಣಕಾಲು?"

"ಈಗ ತೆಳ್ಳಗಾಗ್ತಿದೀನಲ್ಲ. ಹಿಡಿಸ್ತೀನಿ."

ಅವಳು ನಕ್ಕಳು, ಅವನಿಗೆ ನಗಲಾಗಲಿಲ್ಲ. ಆ ಗಳಿಗೆಯಿಂದ ಅವನ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತು. ಕಾರು ಚಳಿಗಾಲ ದಾಟಿದರೆ ಮಾಯ್ಕೆನ್ ದಾಟುತ್ತಾಳೆ. ಊರಿನ ಶಾಲೆಯಲ್ಲಿ ಜೀವಮಾನವೆಲ್ಲ ಮರಗೆಲಸ ಕಲಿಸಿದ ಮನುಷ್ಯ, ದೇವರ ವಿಷಯ ಎತ್ತಿದರೆ ಪಾದ್ರಿಯನ್ನೇ ಗೇಲಿ ಮಾಡುವವನು. ಅಂಥವನು ಇಂಥ ಲೆಕ್ಕ ನಂಬುತ್ತೇನೆಂದು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಆದರೆ ಕೊಟ್ಟಿಗೆಗೆ ಹೋಗುವುದು ಹೆಚ್ಚಾಯಿತು. ಹಾಲಿನ ಕೋಣೆಯ ಪುಟ್ಟ ಬಾಗಿಲಿನಿಂದ ನುಸುಳಿ, ಹೊದಿಕೆಯ ಅಂಚು ಎತ್ತಿ ತೇವ ಮುಟ್ಟಿ ನೋಡಿ, ಇಲಿಯ ಹಿಕ್ಕೆ ಹುಡುಕಿ ಬರುವನು.

"ಆಸ್ಪತ್ರೆಗೆ ಹೋಗೋದಕ್ಕಿಂತ ಇಲ್ಲಿಗೆ ಬರೋದೇ ಜಾಸ್ತಿ ಆಯ್ತಲ್ಲೋ" ಎಂದಳು ಒಂದು ದಿನ ಹಿಲ್ಡೂರ್, ಕಾಫಿ ಸುರಿಯುತ್ತಾ. ಸೊಂಟದ ಆಪರೇಷನ್ ಆಗಿ ಅವಳು ಊರುಗೋಲಿನಲ್ಲಿದ್ದಳು. ಬಾಯಿಗೆ ಮಾತ್ರ ಊರುಗೋಲು ಬೇಕಿರಲಿಲ್ಲ.

"ಅಲ್ಲಿ ನನಗೇನು ಕೆಲಸ? ನರ್ಸುಗಳಿದಾರೆ."

"ಇಲ್ಲೇನು ಕೆಲಸ? ಕಾರಿಗೆ ಜ್ವರ ನೋಡೋದಾ?"

ಕ್ರಿಸ್‌ಮಸ್ಸಿಗೆ ಮಾಯ್ಕೆನ್‌ಳನ್ನು ಆಸ್ಪತ್ರೆಯಿಂದ ನಾಲ್ಕು ದಿನಕ್ಕೆ ಮನೆಗೆ ಕಳಿಸಿದ್ದರು. ಕೇಸರಿ ಬನ್ನಿನ ಒಂದು ಚೂರನ್ನು ಬೆರಳಲ್ಲಿ ಉರುಟುತ್ತ ಅವಳು ಕೇಳಿದಳು, "ಆರ್ವಿಡ್, ಹಿಲ್ಡೂರ್ ಹತ್ರ ಹೋಗಿ ಸುಮ್ಮನೆ ಕಾರಲ್ಲಿ ಕೂತು ಬರೋಣ್ವಾ?"

ಆರ್ವಿಡ್‌ನ ತಲೆಯಲ್ಲಿ ಮತ್ತೆ ಆ ಲೆಕ್ಕ ಎದ್ದಿತು. ಈಗಲೇ ಕೂತುಬಿಟ್ಟರೆ ಮೇ ತಿಂಗಳಿಗೆ ಏನು ಉಳಿಯಿತು?

"ದಿಮ್ಮಿ ಮೇಲೆ ಏರಿಸಿದೀನಿ ಕಣೇ. ಹತ್ತೋಕಾಗಲ್ಲ. ಅಲ್ಲಿ ಥಂಡಿ ಬೇರೆ. ಮೇನಲ್ಲಿ ಹೋಗೋದು ಅಂತ ಆಗಿದೆಯಲ್ಲ."

"ಆಗಿದೆ" ಎಂದಳು ಮಾಯ್ಕೆನ್. ಬನ್ನಿನ ಚೂರನ್ನು ತಟ್ಟೆಗೇ ವಾಪಸು ಇಟ್ಟಳು.

ಫೆಬ್ರುವರಿಯಲ್ಲಿ ಹಿಮ ಕೂತು ಸುರಿಯಿತು. ಬೇಲಿ ಮುಚ್ಚಿತು, ಅಂಚೆಪೆಟ್ಟಿಗೆ ಮುಚ್ಚಿತು. ಅದರ ಮೇಲೆ, ಯಾರಿಗೂ ಬೇಡವಾದ ಮಳೆ. ಹಿಮ ನೀರು ಕುಡಿದು ಒದ್ದೆ ಕಂಬಳಿಯ ಹಾಗೆ ಭಾರವಾಯಿತು. ಯಾರದೋ ಕುದುರೆ ಲಾಯ ಕುಸಿಯಿತೆಂದು ರೇಡಿಯೋ ಹೇಳಿತು. ಆರ್ವಿಡ್ ಫೋನ್ ಮಾಡಿದಾಗ ಹಿಲ್ಡೂರ್ ಒಪ್ಪಿಕೊಂಡಳು, ಕೊಟ್ಟಿಗೆಯ ತೊಲೆಗಳು ನರಳುತ್ತಿವೆ.

"ನಾಳೆ ಅಂಚೆಯವನು, ಅವನ ತಮ್ಮ ಬರ್ತಾರೆ. ಇಬ್ಬರೂ ಎರಡು ಕಡೆ ನಿಂತು ಮಾಡಿನ ಹಿಮ ಎತ್ತುತಾರೆ. ನೀನು ಹತ್ತಬೇಡ."

"ನಾಳೆ ತನಕ ತಡೆಯುತ್ತಾ?"

"ನನ್ನಜ್ಜ ಕಟ್ಟಿದ್ದು. ನಿನ್ನ ಮಾತಿಗೆಲ್ಲ ಬೀಳಲ್ಲ. ಒಬ್ಬನೇ ಹತ್ತಿದರೆ ನಿನ್ನ ಕಾಲು ಮುರೀತೀನಿ, ಕೇಳಿಸ್ತಾ?"

ಕೇಳಿಸಿತ್ತು. ಮರುದಿನ ಬೆಳಕು ಹರಿಯುತ್ತಲೇ ಅವನು ಏಣಿಯ ಮೇಲಿದ್ದ.

ಆ ಸೀಮೆಯ ಮಕ್ಕಳಿಗೂ ಗೊತ್ತಿರುವ ಸಂಗತಿ ಒಂದಿದೆ. ಮಾಡಿನ ಹಿಮವನ್ನು ಎರಡೂ ಇಳಿಜಾರಿನಿಂದ ಸರಿಸಮ ಎತ್ತಬೇಕು. ಇಲ್ಲಿ ಒಂದು ಪಟ್ಟಿ, ಅಲ್ಲಿ ಒಂದು ಪಟ್ಟಿ. ಒಂದೇ ಕಡೆ ಬೋಳಿಸಿದರೆ ಭಾರವಿರುವ ಕಡೆ ನೆತ್ತಿಯ ತೊಲೆಯನ್ನು ತಳ್ಳುತ್ತದೆ, ಬೋಳು ಕಡೆಗೆ ಎದುರು ಒತ್ತುವ ಬಲವಿಲ್ಲ, ಇಡೀ ಮನೆ ಆ ಕಡೆಗೇ ವಾಲುತ್ತದೆ. ಇದನ್ನು ಆರ್ವಿಡ್ ತರಗತಿಯಲ್ಲಿ ಬೆಂಕಿಕಡ್ಡಿಯ ಮನೆ ಕಟ್ಟಿ, ಒಂದು ಕಡೆ ಸಕ್ಕರೆ ಸುರಿದು ತೋರಿಸುತ್ತಿದ್ದ. ಅದು ಬಿದ್ದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಅಂಚೆಯವನೂ ಅವರಲ್ಲೊಬ್ಬ.

ತೆಂಕಣ ಇಳಿಜಾರಿನಲ್ಲಿ ಒಂದು ಪಟ್ಟಿ ಎತ್ತಿದ. ಸರಿಯಾಗಿ ಕಾರಿನ ನೆತ್ತಿಗೆ. ಬಡಗಣಕ್ಕೆ ದಾಟಲೆಂದು ತಿರುಗಿದವನು, ಇದರ ಪಕ್ಕದ್ದೊಂದು ಎತ್ತಿಬಿಡೋಣ ಎಂದುಕೊಂಡ. ಆಮೇಲೆ ಅದರ ಪಕ್ಕದ್ದು. ಬಡಗಣದ ಕೆಳಗಿದ್ದದ್ದು ಪಾದ್ರಿಯ ದೋಣಿ. ಪಾದ್ರಿಗೆ ಬೇರೆ ಕಡೆಯಿಂದ ಸಹಾಯ ಉಂಟು.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮಾಯ್ಕೆನ್.

"ಎಲ್ಲಿದೀಯ? ಏದುಸಿರು ಬಿಡ್ತಿದೀಯಲ್ಲ."

"ಹಿಮ ಎತ್ತುತಿದೀನಿ."

"ಬೇಗ ಬಾ. ಡಾಕ್ಟರು ಊಟಕ್ಕೆ ಮುಂಚೆ ಮಾತಾಡಬೇಕಂತೆ. ಇಬ್ಬರ ಹತ್ರಾನೂ."

ಇಬ್ಬರ ಹತ್ತಿರವೂ ಎಂದರೆ ಏನೆಂದು ಅವನಿಗೆ ತಿಳಿಯದೇ ಇಲ್ಲ. ಒಳ್ಳೆಯ ಸುದ್ದಿ ಹೇಳಲು ಯಾವ ಡಾಕ್ಟರೂ ಇಬ್ಬರನ್ನು ಕೂರಿಸುವುದಿಲ್ಲ.

"ಇದು ಮುಗಿಸಿ ಬರ್ತೀನಿ."

"ಆರ್ವಿಡ್. ಹಿಮ ಎಲ್ಲೂ ಓಡಿಹೋಗಲ್ಲ."

"ಬರ್ತೀನಿ ಅಂದೆನಲ್ಲ!"

ಫೋನು ಜೇಬಿಗೆ ಹೋಯಿತು. ಇಳಿದು ಹೋಗಬೇಕಿತ್ತು, ಇಲ್ಲವೇ ಬಡಗಣಕ್ಕೆ ದಾಟಬೇಕಿತ್ತು. ಎರಡನ್ನೂ ಮಾಡದೆ ಅವನು ತೆಂಕಣ ಮಾಡನ್ನು ಕೆರೆಯತೊಡಗಿದ. ಸಲಿಕೆ ತುಂಬ ತುಂಬಿ ಎಸೆದ, ಅದು ತಗಡಿಗೆ ತಾಗಿ ಕಿರ್ರೆಂದರೂ ಬಿಡಲಿಲ್ಲ. ಡಾಕ್ಟರು ಬಾಯಿ ತೆರೆಯುವುದರೊಳಗೆ ಈ ಕಡೆ ಒಂದು ಹಿಡಿ ಹಿಮವೂ ಇರಬಾರದು, ಅಷ್ಟೇ ಅವನ ತಲೆಯಲ್ಲಿದ್ದದ್ದು. ಬೆವರು ಕಣ್ಣಿಗಿಳಿಯಿತು. ಇಳಿಜಾರು ತೊಳೆದಿಟ್ಟ ತಟ್ಟೆಯಂತಾಯಿತು.

"ಅಯ್ಯೋ ನಿನ್ನ ಮನೆ ಹಾಳಾಗ! ಒಂದೇ ಕಡೆ ಬೋಳಿಸಿದೀಯಲ್ಲೋ!"

ಕೆಳಗೆ ಹಿಲ್ಡೂರ್, ರಾತ್ರಿಯಂಗಿಯ ಮೇಲೆ ಕೋಟು, ಎರಡೂ ಊರುಗೋಲು ಹಿಮದಲ್ಲಿ ಹುಗಿದುಕೊಂಡು.

ಆರ್ವಿಡ್ ಆಗ ನೋಡಿದ. ನೆತ್ತಿಯ ಆಚೆ ಎದೆಯೆತ್ತರದ ಒದ್ದೆ ಹಿಮ. ಈಚೆ ಬರಿಯ ತಗಡು. ಬೆಂಕಿಕಡ್ಡಿ ಮನೆ, ಸಕ್ಕರೆ.

"ಈಗ ಆ ಕಡೆ ಎತ್ತುತೀನಿ!"

"ಎತ್ತೋದಿಲ್ಲ, ಇಳಿಯೋ! ಇಳಿ ಅಂದೆ! ಎಸೆದದ್ದನ್ನ ವಾಪಸ್ ಹತ್ತಿಸ್ತೀಯಾ ಈಗ?"

ನಿಜ ಹೇಳಬೇಕೆಂದರೆ ಅವನು ಅದನ್ನೂ ಯೋಚಿಸಿದ. ಅಷ್ಟರಲ್ಲಿ ಕಾಲಡಿಯಲ್ಲಿ ಏನೋ ನಿಟ್ಟುಸಿರು ಬಿಟ್ಟಂತಾಯಿತು. ಏಣಿ ತಾನಾಗಿ ಗೋಡೆಯಿಂದ ಗೇಣುದ್ದ ದೂರ ಹೋಗಿ ಮತ್ತೆ ಬಂದು ತಾಗಿತು. ಹೇಗೆ ಇಳಿದನೋ, ಕೊನೆಯ ಅರ್ಧ ಬಿದ್ದೇ ಇಳಿದ. ತಾನೇ ಎಸೆದ ಹಿಮದ ರಾಶಿಯಲ್ಲಿ ಸೊಂಟದ ತನಕ ಹೂತು ಕತ್ತೆತ್ತಿ ನೋಡುವಾಗ, ಹಿಲ್ಡೂರಳ ಅಜ್ಜ ಕಟ್ಟಿದ ಕೊಟ್ಟಿಗೆ ಮುದುಕರು ಮಗ್ಗುಲಾಗುವ ಹಾಗೆ, ಯಾವ ಅವಸರವೂ ಇಲ್ಲದೆ, ತೆಂಕಣಕ್ಕೆ ಒರಗಿತು. ಸದ್ದು ಆಮೇಲೆ ಬಂತು.

ಬಡಗಣ ಗೋಡೆ ನಿಂತೇ ಇತ್ತು. ಪಾದ್ರಿಯ ದೋಣಿಗೆ ಒಂದು ಗೀರೂ ಆಗಿರಲಿಲ್ಲ.

"ಹೋಗು, ಹೆಂಡತಿ ಹತ್ರ ಹೋಗು" ಎಂದಳು ಹಿಲ್ಡೂರ್. ಬೈಯಲು ಕೂಡ ಅವಳಿಗೆ ಮನಸ್ಸು ಬರಲಿಲ್ಲ, ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಆಸ್ಪತ್ರೆ ಮುಟ್ಟುವಾಗ ಊಟದ ತಟ್ಟೆಗಳನ್ನು ಎತ್ತುತ್ತಿದ್ದರು. ಡಾಕ್ಟರು ಮಾತಾಡಿ ಹೋಗಿಯಾಗಿತ್ತು. ಮಾಯ್ಕೆನ್ ಅದನ್ನು ಒಬ್ಬಳೇ ಕೇಳಿಸಿಕೊಂಡಿದ್ದಳು. ದಿಂಬಿಗೊರಗಿ, ಅವನ ಒದ್ದೆ ಪ್ಯಾಂಟನ್ನು, ಕೆರೆದುಹೋದ ಗಲ್ಲವನ್ನು ನೋಡಿದಳು.

"ಒಂದೇ ಕಡೆ ಎತ್ತಿದೆಯಂತೆ" ಎಂದಳು. "ಹಿಲ್ಡೂರ್ ಫೋನ್ ಮಾಡಿದ್ಲು. ನೀನು, ಮರಗೆಲಸದ ಮೇಷ್ಟ್ರು."

ಆರ್ವಿಡ್ ಕುರ್ಚಿಯಲ್ಲಿ ಕುಸಿದ. ಬೂಟಿನಿಂದ ನೀರು ಇಳಿದು ನೆಲದಲ್ಲಿ ಹರಡುತ್ತಿತ್ತು. "ಕಾರು ಹೋಯ್ತು, ಮಾಯ್ಕೆನ್. ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ನಾನು... ಅದು ಉಳಿದ್ರೆ ನೀನು..."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಮುಖ ಗಟ್ಟಿಯಾಯಿತು.

"ಅದಕ್ಕಾ ಕ್ರಿಸ್‌ಮಸ್ಸಿಗೆ ಕೂರೋಕೆ ಬಿಡ್ಲಿಲ್ಲ? ಇಡೀ ಚಳಿಗಾಲ ಅಲ್ಲಿ ಹೋಗಿ ನನ್ನ ಕಾಯ್ತಾ ಇದ್ದೆಯಾ ನೀನು? ನಾನು ಇಲ್ಲಿದ್ದೆ ಕಣೋ, ದಡ್ಡ. ಇಲ್ಲಿ. ಈ ಮಂಚದ ಮೇಲೆ."

ಅವನು ನೆಲದ ನೀರನ್ನು ಬೂಟಿನಿಂದಲೇ ಒರೆಸತೊಡಗಿದ.

"ಇನ್ನು ಔಷಧಿ ನಿಲ್ಲಿಸ್ತಾರಂತೆ" ಎಂದಳು ಅವಳು. "ಮೇ ಮಾತು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನಾಳೆ ನನ್ನ ಕರ್ಕೊಂಡು ಹೋಗು."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಕಾರಿಗೆ."

ಮರುದಿನ ಹಿಲ್ಡೂರ್ ಅಂಚೆಯವನನ್ನು ಕಾಡಿಸಿ, ಟ್ರ್ಯಾಕ್ಟರಿನಲ್ಲಿ ತಗಡು ಎಳೆಸಿ, ಉಳಿದ ತೊಲೆಗಳಿಗೆ ಆಸರೆ ಕೊಡಿಸಿ ದಾರಿ ಮಾಡಿಸಿದ್ದಳು. ಫೆಬ್ರುವರಿಯಲ್ಲಿ ಅವಳ ಕೊಟ್ಟಿಗೆ ತೆರೆದದ್ದು ಅದೇ ಮೊದಲು. "ಇದನ್ನ ರೂಢಿ ಮಾಡ್ಕೋಬೇಡ" ಎಂದಳು ಆರ್ವಿಡ್‌ಗೆ. ಆಮೇಲೆ ಮಾಯ್ಕೆನ್‌ಳ ಕೊರಳಿಗೆ ತನ್ನ ಶಾಲನ್ನು ಸುತ್ತಿದಳು.

ನೆತ್ತಿಯ ತೊಲೆ ಕಾರಿನ ಹಿಂಭಾಗದ ಮೇಲೆ ಅಡ್ಡ ಬಿದ್ದಿತ್ತು. ಹಿಂದಿನ ದಿಮ್ಮಿಗಳು ಸಿಡಿದು, ಮುಂದಿನವು ನಿಂತು, ಕಾರು ಮೂತಿ ಮೇಲೆತ್ತಿ ಆಕಾಶ ನೋಡುತ್ತಿತ್ತು. ಹೊದಿಕೆಯೂ ಮೇಲಿನ ಬಟ್ಟೆಯೂ ಒಟ್ಟಿಗೇ ಹರಿದುಹೋಗಿದ್ದವು. ಕೊಟ್ಟಿಗೆಗೂ ಮಾಡು ಉಳಿದಿರಲಿಲ್ಲ. ಆರ್ವಿಡ್ ಅವಳನ್ನು ಎತ್ತಿ ಒಳಗೆ ಕೂರಿಸಿದ. ಎತ್ತುವಾಗ ಅವಳು ತೀರ ಹಗುರವಾಗಿದ್ದಳು. ಸುತ್ತಿ ಬಂದು ತಾನೂ ಕೂತ.

"ಮೊಣಕಾಲು ಕಿವಿಗೇ ಬಂತು" ಎಂದಳು ಮಾಯ್ಕೆನ್. "ಹೇಳಿರಲಿಲ್ವಾ ನಾನು?"

ಹಿಮ ಬೀಳತೊಡಗಿತ್ತು, ಈಗ ಸಣ್ಣಗೆ, ಒಣಗಿದ್ದು. ಅದು ಸೀಟಿನ ಚರ್ಮದ ಮೇಲೆ, ಮೇಣ ಹಚ್ಚಿದ ಕೆಂಪಿನ ಮೇಲೆ, ಅವಳ ತೊಡೆಯ ಮೇಲೆ ಕೂರುತ್ತಿತ್ತು. ಆರ್ವಿಡ್ ಅಭ್ಯಾಸದಿಂದ ಸೀಟು ಒರೆಸಲು ಕೈ ಚಾಚಿದ.

"ಬಿಡು" ಎಂದಳು ಅವಳು. "ಹೊರಡು."

ಅವನು ಸ್ಟೀರಿಂಗ್ ಹಿಡಿದ. ಮುಂದಿನ ಚಕ್ರಗಳು ಗಾಳಿಯಲ್ಲಿದ್ದುದರಿಂದ ಅದು ಯಾವ ಪ್ರತಿರೋಧವೂ ಇಲ್ಲದೆ, ಎಷ್ಟು ತಿರುಗಿಸಿದರೆ ಅಷ್ಟು ತಿರುಗುತ್ತಿತ್ತು. ಎಡಕ್ಕೆ ತಿರುಗಿಸಿದ. ಕಣ್ಣು ಮಂಜಾಗಿ ಏನೂ ಕಾಣಿಸುತ್ತಿರಲಿಲ್ಲ.

"ನಿಧಾನ" ಎಂದಳು ಮಾಯ್ಕೆನ್, ಕಣ್ಣು ಮುಚ್ಚಿಕೊಂಡೇ. "ಎದುರಿಗೆ ಉಪ್ಪಿನ ಲಾರಿ."

"ಬರಲಿ" ಎಂದ ಆರ್ವಿಡ್.