ಹಳಿ ಯಾರ ಕೈಗೆ

"ಹಾರ್ವಿಗೇ ಮತ್ತೆ ಗುತ್ತಿಗೆ ಕೊಡೋಣ ಅನ್ನೋರು ಕೈ ಎತ್ತಿ," ಎಂದ ಜಿಲ್ಲೆಯ ರೈಲು ಮಂಡಳಿಯ ಅಧ್ಯಕ್ಷ ವರ್ನನ್.

ಐವರಲ್ಲಿ ಇಬ್ಬರ ಕೈ ಮೇಲೆದ್ದಿತು. ಎಲ್ಲರೂ ಮಾರ್ಲಿಸ್ ಕಡೆ ನೋಡಿದರು. ಅವಳ ಕೈ ಮೇಜಿನ ಮೇಲೇ ಇತ್ತು.

ನಾರ್ತ್ ಡಕೋಟಾದ ಆ ಜಿಲ್ಲೆಯ ಗೋಧಿಯೆಲ್ಲ ಹೊರಗೆ ಹೋಗುತ್ತಿದ್ದುದು ನಲವತ್ತೊಂದು ಮೈಲಿಯ ಒಂದೇ ಹಳಿಯ ಮೇಲೆ. ಹಳಿ ಜಿಲ್ಲೆಯದು, ರೈಲು ಓಡಿಸುವ ಗುತ್ತಿಗೆ ಇಪ್ಪತ್ತೆರಡು ವರ್ಷಗಳಿಂದ ಹಾರ್ವಿ ಸೋಲ್‌ಬರ್ಗ್‌ನದು. ಎದೆಮಟ್ಟ ಹಿಮ ಬಿದ್ದ ವರ್ಷವೂ ಅವನ ಗಾಡಿ ನಿಂತಿರಲಿಲ್ಲ. ಹೆಂಗಸಿಗೆ ರೈಲಿನಲ್ಲೇನು ಕೆಲಸ ಎಂದು ಊರು ನಗುತ್ತಿದ್ದಾಗ ಇಪ್ಪತ್ತರ ಮಾರ್ಲಿಸ್‌ಳನ್ನು ಸೇರಿಸಿಕೊಂಡವನೂ ಅವನೇ. ಹನ್ನೊಂದು ವರ್ಷ ಅವನ ಬಳಿ ದುಡಿದು, ಮದುವೆಯಾಗಿ ಹೊಲಕ್ಕೆ ಹೋದವಳು ಈಗ ರೈತರ ಪರವಾಗಿ ಮಂಡಳಿಯಲ್ಲಿದ್ದಳು.

ಹಾರ್ವಿ ಮುಂದಿನ ಸಾಲಿನಲ್ಲೇ ಕೂತಿದ್ದ, ಟೋಪಿ ಮೊಣಕಾಲ ಮೇಲಿಟ್ಟುಕೊಂಡು.

"ಏನಮ್ಮಾ, ತೋಳು ನೋವಾ?" ಎಂದ ವರ್ನನ್. ಯಾರೂ ನಗಲಿಲ್ಲ.

"ನಿನ್ನೆ ನಮ್ಮ ರೈಲು ಸೇತುವೆ ಮೇಲೆ ಈ ತುದಿಯಿಂದ ಆ ತುದಿಗೆ ನಡೆದೆ," ಎಂದಳು ಮಾರ್ಲಿಸ್. "ಹಳಿ ಕೆಳಗಿನ ಮರದ ಸ್ಲೀಪರ್ ಮೂವತ್ತೆಂಟು ಕೊಳೆತಿವೆ. ಚಾಕು ಚುಚ್ಚಿದ್ರೆ ಹಿಡಿವರೆಗೂ ಇಳಿಯುತ್ತೆ. ಸರಿಮಾಡೋಕೆ ಹಾರ್ವಿ ಹತ್ರ ಜನ ಇಲ್ಲ. ಪಕ್ಕದ ಜಿಲ್ಲೇಲಿ ರೈಲು ಓಡಿಸೋ ಗ್ರೇಟಾ ಹತ್ರ ಇದ್ದಾರೆ." ಆಮೇಲೆ ಅವನ ಮುಖವನ್ನೇ ನೋಡಿದಳು. "ನಾನು ಹೇಳಿದ್ದು ಸುಳ್ಳಾದ್ರೆ ಇಲ್ಲೇ ಬೈದುಬಿಡಿ, ಹಾರ್ವಿ."

ಹಾರ್ವಿ ಟೋಪಿ ಕೈಗೆತ್ತಿಕೊಂಡು ಎದ್ದು ನಿಂತ.

"ಮೂವತ್ತೆಂಟಲ್ಲ, ನಲವತ್ತೆರಡು. ದಕ್ಷಿಣದ ತುದೀಲಿ ಕೆಳಗಿಳಿದು ನೋಡಿಲ್ಲ ನೀನು. ಅದಕ್ಕೇ ಎರಡು ವರ್ಷದಿಂದ ಅಲ್ಲಿ ಗಾಡೀನ ಆಮೆ ಥರ ದಾಟಿಸ್ತಿದ್ದೀನಿ."

ಗ್ರೇಟಾ ಹೆಸರಿಗೆ ಮೂರು ಕೈ ಎದ್ದವು. ಮೂರನೆಯದು ಮಾರ್ಲಿಸ್‌ಳದು.

ಸಭೆ ಮುಗಿದು ಹಾರ್ವಿ ಬಿಸಿಲಿಗೆ ಬಂದಾಗ, ಹಿಂದಿನ ಸಾಲಿನಲ್ಲಿ ಕೂತಿದ್ದ ಗ್ರೇಟಾ ಅವನ ಹಿಂದೆಯೇ ಬಂದಳು. "ಬೇಜಾರಾಗಿರುತ್ತೆ ನಿಮಗೆ," ಎಂದಳು.

"ಆಗದೆ ಇರುತ್ತಾ? ಆಗಿದೆ." ಹಾರ್ವಿ ಟೋಪಿ ಹಾಕಿಕೊಂಡ. "ಆದ್ರೆ ಕೊಳೆತ ಸ್ಲೀಪರ್ ಹುಡುಕೋದು ಅವಳಿಗೆ ಯಾರು ಕಲಿಸಿದ್ರು ಅಂತ ಈ ಊರಲ್ಲಿ ಯಾರನ್ನಾದ್ರೂ ಕೇಳಿ ನೋಡು."

ಬಾಗಿಲಲ್ಲಿ ನಿಂತಿದ್ದ ಮಾರ್ಲಿಸ್‌ಗೆ ಅದು ಕೇಳಿಸಿತು. ಅವಳು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಸುಗ್ಗಿಯ ಹೊತ್ತಿಗೆ ಸೇತುವೆಯ ಮೇಲೆ ಹೊಸ ಸ್ಲೀಪರ್‌ಗಳು ಕೂತಿದ್ದವು. ಮೊದಲ ಗೋಧಿ ಗಾಡಿ ಹೊರಟ ಬೆಳಿಗ್ಗೆ ಮಾರ್ಲಿಸ್ ರಸ್ತೆ ಹಳಿಯನ್ನು ದಾಟುವಲ್ಲಿ ತನ್ನ ಟ್ರಕ್ ನಿಲ್ಲಿಸಿದಳು. ಇಂಜಿನ್ ಕೂಗುತ್ತ ಬಂತು. ಓಡಿಸುತ್ತಿದ್ದವಳು ಗ್ರೇಟಾ. ಪಕ್ಕದ ಸೀಟಿನಲ್ಲಿ ಹಾರ್ವಿ. ಅವನು ಮಾರ್ಲಿಸ್‌ಳನ್ನು ನೋಡಲೇ ಇಲ್ಲ. ಕಿಟಕಿಯಿಂದ ಇಡೀ ತೋಳು ಹೊರಚಾಚಿ, ಮುಂದೆ ಹಳಿ ಜೌಗಿನ ಕಡೆ ತಿರುಗುವ ಜಾಗ ತೋರಿಸುತ್ತ, ಬಿಡುವಿಲ್ಲದೆ ಏನೋ ಹೇಳುತ್ತಿದ್ದ. ಗ್ರೇಟಾ ತಲೆಯಾಡಿಸುತ್ತಿದ್ದಳು. ಹಿಂದೆ, ಒಂದಾದ ಮೇಲೊಂದರಂತೆ, ಗೋಧಿ ತುಂಬಿದ ಬೋಗಿಗಳು ದಾಟಿಹೋದವು.